ಹಿಂದಿನ ಅಚ್ಚಿಗೊಂದು ಅಡ್ಡದಂಡ

ಎತ್ತಿನ ಗಾಡಿಯನ್ನು ಕಂಡವರಿಗೆಲ್ಲ ಅಚ್ಚು ಎಂದರೇನೆಂಬುದು ಗೊತ್ತು. ಎರಡು ಚಕ್ರಗಳ ನಡುವೆ ಒಂದು ಗಟ್ಟಿಯಾದ ಸರಳು. ಅದರ ಮೇಲೆ ಗಾಡಿಯ ಮೈ. ಅಚ್ಚನ್ನು ಮೈಗೆ ಬಿಗಿದು ಕಟ್ಟಿರುವುದರಿಂದ ಎರಡೂ ಒಟ್ಟಿಗೇ ಕುಣಿಯುತ್ತವೆ, ಮತ್ತು ರಸ್ತೆಯ ಒಂದೊಂದು ಕಲ್ಲಿನ ಸಮಾಚಾರವೂ ಕುಳಿತವನ ಬೆನ್ನುಮೂಳೆಗೆ ನೇರವಾಗಿ ತಲುಪುತ್ತದೆ. ಈ ಕಷ್ಟವನ್ನು ತಪ್ಪಿಸುವುದಕ್ಕಾಗಿ ಅಚ್ಚಿಗೂ ಮೈಗೂ ನಡುವೆ ಸ್ಪ್ರಿಂಗುಗಳು ಬಂದವು. ಬೆನ್ನಿಗೆ ಸುಖವಾಯಿತು, ಆದರೆ ಹೊಸದೊಂದು ಪ್ರಶ್ನೆ ಹುಟ್ಟಿತು. ಅಚ್ಚು ಮೇಲಕ್ಕೂ ಕೆಳಕ್ಕೂ ಆಡಬೇಕು, ಸರಿ. ಅದು ಎಡಕ್ಕೂ ಬಲಕ್ಕೂ ಆಡತೊಡಗಿದರೆ ಗತಿಯೇನು?

ಈ ಪ್ರಶ್ನೆಗೆ ಯಂತ್ರಶಿಲ್ಪಿಗಳು ಕೊಟ್ಟ ಉತ್ತರಗಳಲ್ಲಿ ಅತ್ಯಂತ ಸರಳವಾದುದು ಒಂದು ಅಡ್ಡದಂಡ. ಅದರ ಹೆಸರು ಪಾನಾರ್ ದಂಡ. ನಮ್ಮ ಗ್ಯಾರೇಜುಗಳಲ್ಲಿ ಅಕ್ಷರ ನೋಡಿ ಓದುವವರು ಪಾನ್‌ಹಾರ್ಡ್ ಎನ್ನುತ್ತಾರೆ. ಹೇಗೆ ಕರೆದರೂ ಅದು ಮಾಡುವ ಕೆಲಸ ಒಂದೇ. ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡು, ಅದಕ್ಕೆ ಇಂಥದೊಂದು ದಂಡವನ್ನು ಹಾಕಿಸಬೇಕೆಂದು ಯೋಚಿಸುವ ಗೃಹಸ್ಥರು ಇಂದಿಗೂ ಉಂಟು. ನಾನೂ ಅಂಥವರಲ್ಲಿ ಒಬ್ಬ. ಒಮ್ಮೆ ತಪ್ಪಾಗಿ ಹಾಕಿಸಿ, ಮತ್ತೊಮ್ಮೆ ಸರಿಯಾಗಿ ಹಾಕಿಸಿಕೊಂಡವನು. ಆ ಎರಡು ಸಲಕ್ಕೂ ನಡುವೆ ಕಲಿತ ಪಾಠವನ್ನು ನಿಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಮೊದಲು ಹೆಸರಿನ ಮಾತು. ಪ್ಯಾರಿಸ್ ನಗರದಲ್ಲಿ ರೆನೆ ಪಾನಾರ್ ಮತ್ತು ಎಮಿಲ್ ಲೆವಸ್ಸೋರ್ ಎಂಬ ಇಬ್ಬರು ಪಾಲುದಾರರು 1890ರ ದಶಕದ ಆರಂಭದಲ್ಲಿ ಮೋಟಾರು ಕಾರುಗಳನ್ನು ಮಾಡಿ ಮಾರತೊಡಗಿದರು. ಎಂಜಿನು ಮುಂದೆ, ನಡುವೆ ಗೇರುಪೆಟ್ಟಿಗೆ, ಓಡಿಸುವ ಚಕ್ರ ಹಿಂದೆ ಎಂಬ ವ್ಯವಸ್ಥೆ ಲೋಕದಲ್ಲಿ ರೂಢಿಗೆ ಬಂದದ್ದು ಅವರಿಂದ. 1895ರಲ್ಲಿ ಪ್ಯಾರಿಸಿನಿಂದ ಬೋರ್ದೋಗೆ ಹೋಗಿ ಮರಳುವ ಓಟದಲ್ಲಿ ಲೆವಸ್ಸೋರ್ ಸುಮಾರು 1,200 ಕಿಲೋಮೀಟರು ದಾರಿಯನ್ನು 49 ಗಂಟೆಗಳೊಳಗೆ ಮುಗಿಸಿ ಎಲ್ಲರಿಗಿಂತ ಮೊದಲು ಬಂದನು. ಅಡ್ಡದಂಡವು ಬಳಕೆಗೆ ಬಂದದ್ದೂ ಈ ಸಂಸ್ಥೆಯ ಕಾರುಗಳ ಮೂಲಕವೇ. 1967ರಲ್ಲಿ ಆ ಹೆಸರಿನ ಕಾರುಗಳ ತಯಾರಿಕೆ ನಿಂತುಹೋಯಿತು. ಕಾರು ಹೋಯಿತು, ದಂಡ ಉಳಿಯಿತು. ನಮ್ಮ ಬಿಡದಿಯ ಕಾರ್ಖಾನೆಯಿಂದ 2005ರಲ್ಲಿ ಹೊರಟ ಇನ್ನೋವಾ ಗಾಡಿಯ ಕೆಳಗೆ ಬಗ್ಗಿ ನೋಡಿದರೆ, ಹಿಂದಿನ ಅಚ್ಚಿನ ಉದ್ದಕ್ಕೂ ಒಂದು ಕಬ್ಬಿಣದ ದಂಡ ಅಡ್ಡಲಾಗಿ ಮಲಗಿರುವುದು ಕಾಣುತ್ತದೆ. ಅದೇ ಇದು.

ಈಗ ಅದರ ಕೆಲಸವೇನೆಂಬುದನ್ನು ನೋಡೋಣ. ದಂಡದ ಒಂದು ತುದಿ ಅಚ್ಚಿಗೆ, ಎಂದರೆ ಒಂದು ಚಕ್ರದ ಬಳಿ, ಜೋಡಣೆಯಾಗಿರುತ್ತದೆ. ಇನ್ನೊಂದು ತುದಿ ಎದುರು ಪಕ್ಕದಲ್ಲಿ ಕಾರಿನ ಮೈಗೆ. ಎರಡು ತುದಿಗಳಲ್ಲಿಯೂ ರಬ್ಬರು ಬುಷ್ ಇದ್ದು, ದಂಡವು ಬಾಗಿಲಿನ ಕೀಲಿನಂತೆ ತಿರುಗಬಲ್ಲುದು. ಅಚ್ಚು ಮೇಲೆ ಕೆಳಗೆ ಆಡುವಾಗ ದಂಡ ಅಡ್ಡಿಮಾಡುವುದಿಲ್ಲ. ಆದರೆ ಅಚ್ಚು ಪಕ್ಕಕ್ಕೆ ಸರಿಯಹೊರಟರೆ ದಂಡವು ಒಂದು ಕಡೆಯ ತಿರುವಿನಲ್ಲಿ ಎಳೆದು ಹಿಡಿಯುತ್ತದೆ, ಇನ್ನೊಂದು ಕಡೆಯ ತಿರುವಿನಲ್ಲಿ ಒತ್ತಿ ಹಿಡಿಯುತ್ತದೆ.

ಪಟ್ಟೆ ಸ್ಪ್ರಿಂಗಿನ ಕಾರಿಗೆ ಇದು ಬೇಕೇ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಅಂಬಾಸಡರ್ ಕಾರನ್ನು ತೆಗೆದುಕೊಳ್ಳಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ಕಾರು 2014ರಲ್ಲಿ ನಿಂತುಹೋದರೂ, ನಮ್ಮ ಊರುಗಳಲ್ಲಿ ಇನ್ನೂ ಕೆಲವು ಓಡಾಡುತ್ತಿವೆ. ಇದರ ಹಿಂದಿನ ಅಚ್ಚನ್ನು ಎರಡು ಪಟ್ಟೆ ಸ್ಪ್ರಿಂಗುಗಳು ಹೊತ್ತಿವೆ. ಭಾರ ಹೊರುವುದು, ಅಚ್ಚನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುವುದು, ಪಕ್ಕಕ್ಕೆ ಸರಿಯದಂತೆ ಹಿಡಿಯುವುದು, ಈ ಮೂರು ಕೆಲಸವೂ ಪಾಪ ಆ ಪಟ್ಟೆಗಳದೇ. ಮೊದಲೆರಡನ್ನು ಅವು ಚೆನ್ನಾಗಿಯೇ ಮಾಡುತ್ತವೆ. ಮೂರನೆಯದರಲ್ಲಿ ಸ್ವಲ್ಪ ಸಡಿಲ. ಪಟ್ಟೆಯ ತುದಿಯಲ್ಲಿರುವ ಶ್ಯಾಕಲ್ಲೂ ಅದರ ರಬ್ಬರು ಬುಷ್ಷೂ ಸವೆದಂತೆಲ್ಲ ಆ ಸಡಿಲ ಹೆಚ್ಚುತ್ತದೆ. ಆಗ ತಿರುವಿನಲ್ಲಿ ಕಾರಿನ ಮುಂಭಾಗ ತಿರುಗಿಬಿಟ್ಟಿರುತ್ತದೆ, ಹಿಂಭಾಗವು ಅರೆಗಳಿಗೆ ತಡವಾಗಿ, ಮಲಗಿದ್ದವನು ಮಗ್ಗುಲು ಬದಲಾಯಿಸಿದಂತೆ, ಹಿಂಬಾಲಿಸುತ್ತದೆ. ಪಟ್ಟೆ ಸ್ಪ್ರಿಂಗಿನ ಜೊತೆಗೇ ಈ ದಂಡವನ್ನು ಕಾರ್ಖಾನೆಯವರೇ ಹಾಕಿ ಕಳಿಸಿದ ಉದಾಹರಣೆಯೂ ಉಂಟು. 1953ರಲ್ಲಿ ಬಂದ ಆಸ್ಟಿನ್ ಹೀಲಿ 100 ಎಂಬ ಇಂಗ್ಲಿಷ್ ಕಾರು ಅಂಥದು.

ಪಟ್ಟೆಗೆ ಬದಲಾಗಿ ಸುರುಳಿ ಸ್ಪ್ರಿಂಗು ಇರುವ ಕಾರುಗಳ ಮಾತೇ ಬೇರೆ. ಸುರುಳಿಯು ಭಾರ ಹೊರಬಲ್ಲುದೇ ಹೊರತು ಅಚ್ಚನ್ನು ಹಿಡಿದಿಡಲಾರದು. ಅಲ್ಲಿ ಅಡ್ಡದಂಡವೋ ಅದಕ್ಕೆ ಸಮನಾದ ಬೇರೊಂದು ಏರ್ಪಾಡೋ ಇರಲೇಬೇಕು. ಈ ವ್ಯತ್ಯಾಸವನ್ನು ನೆನಪಿಡಿ. ಅದು ನನ್ನ ಪ್ರಾಣ ಉಳಿಸಿದ ವ್ಯತ್ಯಾಸ.

ನಡೆದದ್ದನ್ನು ಹೇಳಿಬಿಡುತ್ತೇನೆ. 1996ರ ಸುಮಾರಿಗೆ ನನ್ನ ಬಳಿ ಎರಡನೆಯ ಕೈಯ ಒಂದು ಅಂಬಾಸಡರ್ ಇತ್ತು. ತಿರುವಿನಲ್ಲಿ ಅದರ ಹಿಂಭಾಗ ಅಲುಗುತ್ತಿತ್ತು. ಪುಸ್ತಕ ಓದಿದವನಿಗೆ ಇರತಕ್ಕ ಗರ್ವ ನನಗೂ ಇತ್ತು. ಬುಷ್ ಸವೆದಿದೆಯೇ ಎಂದು ನೋಡುವ ಬದಲು, ಕಾರಿನ ರಚನೆಯಲ್ಲೇ ಕೊರತೆಯಿದೆಯೆಂದು ತೀರ್ಮಾನಿಸಿ, ಪರಿಚಯದ ಒಂದು ವೆಲ್ಡಿಂಗ್ ಅಂಗಡಿಗೆ ಹೋಗಿ, ನೀರಿನ ಕೊಳಾಯಿಯ ಒಂದು ತುಂಡಿಗೆ ಎರಡು ಬುಷ್ ಕೂರಿಸಿ, ಒಂದು ತುದಿಯನ್ನು ಅಚ್ಚಿಗೂ ಇನ್ನೊಂದನ್ನು ಡಿಕ್ಕಿಯ ಅಡಿಯ ತಗಡಿಗೂ ಹಚ್ಚಿಸಿದೆ. ಎರಡು ಗಂಟೆಯ ಕೆಲಸ. ಊರಿನ ಸಮತಟ್ಟಾದ ರಸ್ತೆಯಲ್ಲಿ ಕಾರು ರೈಲಿನಂತೆ ಓಡಿತು. ನನ್ನ ಸಂತೋಷಕ್ಕೆ ಪಾರವಿಲ್ಲ.

ಆ ವಾರವೇ ತಾಯಿಯವರನ್ನೂ ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟೆ. ಆಗುಂಬೆಯ ಘಾಟಿಯಲ್ಲಿ ಹದಿನಾಲ್ಕು ಬಾಗು ತಿರುವುಗಳಿವೆಯಷ್ಟೆ. ಆರೇಳು ತಿರುವು ಇಳಿದಿರಬಹುದು. ಹಿಂದಿನಿಂದ ನಮ್ಮ ತಾಯಿ, "ಅಪ್ಪೀ, ಹಿಂದೆ ಎಂಥದೋ ಕಟಕಟ ಅಂತದಲ್ಲೋ" ಎಂದರು. "ಕಲ್ಲು ಸಿಡಿದದ್ದಮ್ಮ" ಎಂದೆ. ಮುಂದಿನ ತಿರುವಿನಲ್ಲಿ ಫಟ್ ಎಂದು ಶಬ್ದ. ಹಿಂದೆಯೇ ಕಬ್ಬಿಣ ರಸ್ತೆಗೆ ಉಜ್ಜುವ ಕರ್ಕಶ ಧ್ವನಿ. ಕಾರು ಹಿಂಬದಿಯಿಂದ ಒಮ್ಮೆ ತೂಗಾಡಿತು. ತಡೆಗೋಡೆಯ ಆಚೆ ಬರಿಯ ಮಂಜು. ಹೇಗೋ ನಿಲ್ಲಿಸಿ ಇಳಿದು ನೋಡಿದರೆ, ಡಿಕ್ಕಿಯ ತಗಡು ಹಪ್ಪಳದಂತೆ ಹರಿದು, ದಂಡದ ತುದಿ ಆ ತಗಡಿನ ಚೂರನ್ನೇ ಕಚ್ಚಿಕೊಂಡು ರಸ್ತೆಯ ಮೇಲೆ ಬಿದ್ದಿತ್ತು. ಪಟ್ಟೆ ಸ್ಪ್ರಿಂಗುಗಳು ತಮ್ಮ ಹಳೆಯ ಕೆಲಸವನ್ನು ಬಿಡದೆ ಅಚ್ಚನ್ನು ಹಿಡಿದಿದ್ದರಿಂದ ನಾವು ಉಳಿದೆವು. ಸುರುಳಿ ಸ್ಪ್ರಿಂಗಿನ ಕಾರಾಗಿದ್ದರೆ ಅಚ್ಚು ಪಕ್ಕಕ್ಕೆ ಜಾರಿ, ಟೈರು ಮೈಗೆ ಉಜ್ಜಿ, ಏನಾಗುತ್ತಿತ್ತೋ ಹೇಳಲಾರೆ.

ದಂಡವನ್ನು ಹಗ್ಗದಿಂದ ಮೇಲಕ್ಕೆ ಕಟ್ಟಿ, ಎರಡನೆಯ ಗೇರಿನಲ್ಲಿ ಇಳಿದು, ಘಾಟಿಯ ಕೆಳಗೆ ಒಂದು ಲಾರಿ ರಿಪೇರಿಯ ಚಪ್ಪರದ ಮುಂದೆ ನಿಲ್ಲಿಸಿದೆ. ಅಲ್ಲಿಯ ವಯಸ್ಸಾದ ಮೇಸ್ತ್ರಿ ಮಲಗಿ ನೋಡಿ ಎದ್ದು, ಕೈ ಒರೆಸಿಕೊಳ್ಳುತ್ತ, "ಎಂತ ಮಾರಾಯ್ರೆ, ಕಬ್ಬಿಣವನ್ನು ತಗಡಿಗೆ ನೇತು ಹಾಕಿದ್ದೀರಿ, ತಡೆಯುತ್ತದಾ ಅದು?" ಎಂದರು. ನಾನು ಓದಿದ ಪುಸ್ತಕಗಳ ಸಾರವೆಲ್ಲ ಆ ಒಂದು ಮಾತಿನಲ್ಲಿತ್ತು. ಬಳಿಕ ಅವರು ಪಟ್ಟೆಯ ಶ್ಯಾಕಲ್ಲನ್ನು ಸರಳಿನಿಂದ ಮೀಟಿ ತೋರಿಸಿದರು. ಬುಷ್ ಇದ್ದ ಜಾಗದಲ್ಲಿ ರಬ್ಬರಿನ ಪುಡಿ ಇತ್ತು.

ಆದುದರಿಂದ ಮೊದಲನೆಯ ಬುದ್ಧಿಮಾತು ಇದು. ದಂಡದ ಯೋಚನೆಗೆ ಮುಂಚೆ ಇರುವುದನ್ನು ಸರಿಪಡಿಸಿ. ಶ್ಯಾಕಲ್ ಬುಷ್, ಪಟ್ಟೆಯ ಮುಂದುಗಡೆಯ ಬುಷ್, ಅಚ್ಚನ್ನು ಪಟ್ಟೆಗೆ ಬಿಗಿದಿರುವ ಯು ಬೋಲ್ಟುಗಳು, ಪಟ್ಟೆಗಳ ನಡುವಣ ಬೋಲ್ಟು, ಶಾಕ್ ಅಬ್ಸಾರ್ಬರು, ಟೈರಿನ ಗಾಳಿ, ಇವಿಷ್ಟನ್ನೂ ನೋಡಿಸಿ. ಪರೀಕ್ಷೆ ಸುಲಭ. ಕಾರನ್ನು ಸಮನೆಲದ ಮೇಲೆ ನಿಲ್ಲಿಸಿ, ಒಬ್ಬರು ಹಿಂಭಾಗವನ್ನು ಪಕ್ಕದಿಂದ ಹಿಡಿದು ಎಡಕ್ಕೂ ಬಲಕ್ಕೂ ತಳ್ಳಲಿ. ಇನ್ನೊಬ್ಬರು ಟೈರಿಗೂ ಮಡ್‌ಗಾರ್ಡಿಗೂ ನಡುವಣ ಸಂದನ್ನು ಗಮನಿಸಲಿ. ಸಂದು ಬಹಳ ಹಿಗ್ಗಿ ಕುಗ್ಗಿದರೆ ಎಲ್ಲಿ ಸಡಿಲವಿದೆಯೆಂದು ಹುಡುಕಿ. ಹತ್ತರಲ್ಲಿ ಹಲವು ಕಾರುಗಳ ರೋಗ ಇಷ್ಟಕ್ಕೇ ವಾಸಿಯಾಗುತ್ತದೆ, ದಂಡದ ಗೊಡವೆಯೇ ಬೇಕಾಗುವುದಿಲ್ಲ.

ಇಷ್ಟಾದ ಮೇಲೂ ದಂಡ ಬೇಕೆನ್ನಿಸಿದರೆ, ಎರಡನೆಯ ಮಾತು ಅದರ ಉದ್ದಕ್ಕೂ ಮಟ್ಟಕ್ಕೂ ಸಂಬಂಧಿಸಿದ್ದು. ಬಾವಿಯ ಏತವನ್ನು ನೋಡಿದ್ದೀರಿ. ಅದರ ಕೋಲಿನ ತುದಿ ನೆಟ್ಟಗೆ ಮೇಲೇರುವುದಿಲ್ಲ. ಕಮಾನಿನಂತೆ ಬಾಗಿ ಏರುತ್ತದೆ. ಅಡ್ಡದಂಡದ ತುದಿಯೂ ಹಾಗೆಯೇ. ಆದಕಾರಣ ಅಚ್ಚು ಮೇಲೆ ಹೋದಾಗಲೂ ಕೆಳಗೆ ಬಂದಾಗಲೂ ಕೊಂಚ ಪಕ್ಕಕ್ಕೆ ಸರಿದೇ ತೀರುತ್ತದೆ. ಎಷ್ಟೆಂಬುದನ್ನು ಲೆಕ್ಕ ಹಾಕೋಣ. 900 ಮಿಲಿಮೀಟರು ಉದ್ದದ ದಂಡ ಮಟ್ಟಸವಾಗಿ ಮಲಗಿದ್ದು, ಅಚ್ಚು 75 ಮಿಲಿಮೀಟರು ಏರಿದರೆ, ಪಕ್ಕದ ಸರಿತ ಸುಮಾರು 3 ಮಿಲಿಮೀಟರು. ಗಮನಕ್ಕೇ ಬಾರದು. ದಂಡವನ್ನು 450 ಮಿಲಿಮೀಟರಿಗೆ ಮೊಟಕು ಮಾಡಿದರೆ ಅದೇ ಏರಿಕೆಗೆ ಸರಿತ ಸುಮಾರು 6 ಮಿಲಿಮೀಟರು. ಇನ್ನು 900 ಮಿಲಿಮೀಟರಿನ ದಂಡವನ್ನೇ ಮೈಯ ಕಡೆಯ ತುದಿ ತಗ್ಗಿ, ಅಚ್ಚಿನ ಕಡೆಯ ತುದಿ 75 ಮಿಲಿಮೀಟರು ಎತ್ತರವಾಗಿರುವಂತೆ ಓರೆಯಾಗಿ ಹಾಕಿದರೆ, ಅದೇ ಏರಿಕೆಗೆ ಸರಿತ 9 ಮಿಲಿಮೀಟರು ದಾಟುತ್ತದೆ. ಆಗ ನೇರವಾದ ರಸ್ತೆಯಲ್ಲಿ ಹಳ್ಳ ಬಂದಾಗಲೂ ಕಾರಿನ ಹಿಂಭಾಗ ಪಕ್ಕಕ್ಕೆ ಕುಲುಕುತ್ತದೆ. ಆದುದರಿಂದ ದಂಡ ಎಷ್ಟು ಸಾಧ್ಯವೋ ಅಷ್ಟು ಉದ್ದವಿರಬೇಕು. ಮತ್ತು ಎಂದಿನ ಭಾರದಲ್ಲಿ ನೆಲಕ್ಕೆ ಸಮಾಂತರವಾಗಿ ಮಲಗಿರಬೇಕು. ಎಂದಿನ ಭಾರವೆಂದರೆ ಖಾಲಿ ಕಾರಲ್ಲ. ಮನೆಮಂದಿ ಕುಳಿತ ಕಾರು. ಅಳತೆ ತೆಗೆಯುವ ದಿನ ಮಕ್ಕಳನ್ನೂ ಅಜ್ಜಿಯನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಬಿಡಿ. ಅವರಿಗೂ ವಿನೋದ, ನಿಮಗೂ ಸರಿಯಾದ ಲೆಕ್ಕ.

ಎತ್ತರದ ಮಾತೂ ಉಂಟು. ತಿರುವಿನಲ್ಲಿ ಕಾರಿನ ಮೈ ಒಂದು ಬಿಂದುವನ್ನು ನೆಚ್ಚಿ ವಾಲುತ್ತದೆ. ಹಿಂಬದಿಯಲ್ಲಿ ಈ ಬಿಂದುವಿನ ಎತ್ತರವನ್ನು ದಂಡವು ಕಾರಿನ ನಡುಗೆರೆಯನ್ನು ದಾಟುವ ಎತ್ತರ ನಿರ್ಧರಿಸುತ್ತದೆ. ದಂಡ ಎತ್ತರದಲ್ಲಿದ್ದರೆ ಹಿಂಭಾಗ ವಾಲುವುದು ಕಡಿಮೆ. ಆದರೆ ಹೊರಗಡೆಯ ಹಿಂದಿನ ಟೈರಿನ ಮೇಲೆ ಭಾರ ಥಟ್ಟನೆ ಬಿದ್ದು, ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಲು ಹವಣಿಸುತ್ತದೆ. ತಗ್ಗಿನಲ್ಲಿದ್ದರೆ ವಾಲುವುದು ಹೆಚ್ಚು, ಜಾರುವುದು ಕಡಿಮೆ. ಪಟ್ಟೆ ಸ್ಪ್ರಿಂಗಿನ ಕಾರಿನಲ್ಲಿ ಪಟ್ಟೆಗಳಿಗೂ ತಮ್ಮದೇ ಒಂದು ಬಿಂದುವಿರುವುದರಿಂದ, ದಂಡವನ್ನು ಅವುಗಳ ಮಟ್ಟದಿಂದ ಬಹುದೂರ ಇಟ್ಟರೆ ಎರಡಕ್ಕೂ ಜಗಳ ಹತ್ತಿ, ಸ್ಪ್ರಿಂಗು ಬಿಗಿದುಕೊಳ್ಳುತ್ತದೆ. ಒಂದೇ ಮನೆಗೆ ಇಬ್ಬರು ಯಜಮಾನರಾದಂತೆ. ಮನೆಬಳಕೆಯ ಕಾರಿಗೆ ದಂಡವು ಹೆಚ್ಚುಕಡಮೆ ಅಚ್ಚಿನ ಮಟ್ಟದಲ್ಲಿಯೂ, ತುದಿಗಳಲ್ಲಿ ರಬ್ಬರು ಬುಷ್ಷೂ ಇರುವುದು ಲೇಸು.

ಮೂರನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದುದು, ಮೈಯ ಕಡೆಯ ಹಿಡಿಕೆ, ಎಂದರೆ ಬ್ರಾಕೆಟ್ಟು. ನಾನು ಸೋತದ್ದು ಇಲ್ಲಿಯೇ. ಕಾರಿನ ಹಿಂಬದಿಯಲ್ಲಿ 700 ಕಿಲೋ ಭಾರವಿದೆಯೆಂದಿಟ್ಟುಕೊಳ್ಳಿ. ತಿರುವಿನಲ್ಲಿ ಅದರ ಅರ್ಧದಷ್ಟು ಬಲ ಪಕ್ಕಕ್ಕೆ ಎಳೆದರೆ ದಂಡದ ಮೇಲೆ 350 ಕಿಲೋ ಎಳೆತ. ಹಿಡಿಕೆಯು ಚೌಕಟ್ಟಿನಿಂದ 20 ಸೆಂಟಿಮೀಟರು ಕೆಳಗೆ ಜೋತಿದ್ದರೆ, ಅದರ ಬುಡದ ಮೇಲೆ ಬೀಳುವ ತಿರುಚು, 70 ಕಿಲೋ ತೂಗುವ ಆಳು ಒಂದು ಮೀಟರು ಉದ್ದದ ಹಾರೆಯ ತುದಿಗೆ ಜೋತುಬಿದ್ದಂತೆ. ಅದೂ ಒಂದು ಸಲವಲ್ಲ. ಘಾಟಿಯ ಒಂದೊಂದು ತಿರುವಿಗೂ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕ್ರಮ. ಡಿಕ್ಕಿಯ ತಗಡು ಇದನ್ನು ತಾಳೀತೇ? ಹಿಡಿಕೆಯನ್ನು ಸ್ಪ್ರಿಂಗಿನ ಶ್ಯಾಕಲ್ಲನ್ನು ಹೊತ್ತ ಉದ್ದ ತೊಲೆಗೇ ಕೂರಿಸಬೇಕು. ತೊಲೆಗೆ ಅಗಲವಾದ ದಪ್ಪ ಪಟ್ಟಿಯನ್ನು ಹಚ್ಚಿ ಅದರ ಮೇಲೆ ಕೂರಿಸಬೇಕು. ಹಿಡಿಕೆಯ ಕೆಳತುದಿಯಿಂದ ಎದುರು ಪಕ್ಕದ ತೊಲೆಗೆ ಓರೆಯಾಗಿ ಒಂದು ಊರುಗೋಲು ಕೊಡಬೇಕು. ಆಗ ತಿರುಚು ಹೋಗಿ ಬರಿಯ ಎಳೆತ ಒತ್ತಡಗಳು ಉಳಿಯುತ್ತವೆ. ಕಬ್ಬಿಣ ಅದನ್ನು ಸುಖವಾಗಿ ತಾಳುತ್ತದೆ. ತೊಲೆಗೆ ತುಕ್ಕು ಹಿಡಿದಿದ್ದರೆ ದಂಡದ ಆಸೆಯನ್ನೇ ಬಿಡಿ.

ಅಚ್ಚಿನ ಕಡೆ ವೆಲ್ಡಿಂಗ್ ಮಾಡಿಸಬೇಡಿ. ಬೆಂಕಿಯ ಕಾವಿಗೆ ಅಚ್ಚಿನ ಕೊಳವೆ ಸೊಟ್ಟಗಾದರೆ ಬೇರಿಂಗು, ಆಯಿಲ್ ಸೀಲು ಎಲ್ಲಕ್ಕೂ ಕೇಡು. ಪಟ್ಟೆಯ ಬಳಿ ಯು ಬೋಲ್ಟುಗಳಿಂದ ಬಿಗಿಯುವ ಹಿಡಿಕೆಯನ್ನು ಮಾಡಿಸುವುದು ಕ್ಷೇಮ. ಮೈಯ ಕಡೆ ವೆಲ್ಡಿಂಗ್ ಮಾಡುವ ಮುನ್ನ ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರವಿಡಿಸಿ, ಬ್ಯಾಟರಿಯ ತಂತಿ ಕಳಚಿಸಿ. ಈ ಮಾತಿನಲ್ಲಿ ಯಾರ ಅವಸರಕ್ಕೂ ಕಿವಿಗೊಡಬೇಡಿ.

ದಂಡವು ನೀರಿನ ಕೊಳಾಯಿಯ ತುಂಡಾಗಕೂಡದು. ಬೆಸುಗೆಯಿಲ್ಲದ ಉಕ್ಕಿನ ಕೊಳವೆ, ಹೊರವ್ಯಾಸ 28 ಮಿಲಿಮೀಟರು, ಗೋಡೆ 3 ಮಿಲಿಮೀಟರಿನಷ್ಟಿದ್ದರೆ ನಮ್ಮ ಲೆಕ್ಕಕ್ಕೆ ಸಾಕು. ಅದು ನೆಟ್ಟಗಿರಬೇಕು. ಕ್ರೌನ್ ಇರುವ ಉಬ್ಬನ್ನು ತಪ್ಪಿಸಲು ದಂಡವನ್ನು ಬಗ್ಗಿಸಿದರೆ, ಒತ್ತಡ ಬಿದ್ದಾಗ ಅದು ಇನ್ನಷ್ಟು ಬಗ್ಗಲು ನೋಡುತ್ತದೆ. ಬಗ್ಗಿಸಲೇಬೇಕಾದರೆ ಕೊಳವೆ ಇನ್ನೂ ದಪ್ಪವಿರಲಿ. ಬೋಲ್ಟುಗಳು 12 ಮಿಲಿಮೀಟರಿನವು, ತಲೆಯ ಮೇಲೆ 8.8 ಎಂದು ಗುರುತುಳ್ಳವು. ನಟ್ಟುಗಳು ತಾವಾಗಿ ಸಡಿಲವಾಗದ ಜಾತಿಯವು. ಬೋಲ್ಟನ್ನು ಎರಡು ಕಿವಿಗಳ ನಡುವೆ ಹಾಯಿಸಬೇಕೇ ವಿನಾ ಒಂದೇ ಕಿವಿಗೆ ನೇತುಹಾಕಕೂಡದು. ದಂಡದ ತುದಿಗಳಲ್ಲಿ ಒಂದು ಎಡಮರೆ, ಒಂದು ಬಲಮರೆ ಇದ್ದರೆ, ಅದನ್ನು ತಿರುಗಿಸಿ ಅಚ್ಚನ್ನು ನಡುಮಧ್ಯಕ್ಕೆ ತರಬಹುದು. ಎಡ ಟೈರಿನಿಂದಲೂ ಬಲ ಟೈರಿನಿಂದಲೂ ಮೈಗೆ ಅಳೆದು, ಎರಡೂ ಸಮವಾದ ಮೇಲೆ ಮರೆಯ ನಟ್ಟನ್ನು ಬಿಗಿಯಿರಿ. ಬುಷ್ಷಿನ ಬೋಲ್ಟುಗಳನ್ನು ಚಕ್ರ ನೆಲದ ಮೇಲಿದ್ದು ಭಾರ ಬಿದ್ದಿರುವಾಗಲೇ ಬಿಗಿಯಬೇಕು. ಜಾಕಿಯ ಮೇಲೆ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಗೆ ಅಚ್ಚನ್ನು ಪೂರ್ತಿ ಮೇಲಕ್ಕೂ ಪೂರ್ತಿ ಕೆಳಕ್ಕೂ ಆಡಿಸಿ, ದಂಡವು ಸೈಲೆನ್ಸರು, ಟ್ಯಾಂಕು, ಬ್ರೇಕಿನ ಕೊಳವೆ, ಹ್ಯಾಂಡ್‌ಬ್ರೇಕಿನ ತಂತಿ ಯಾವುದಕ್ಕೂ ತಾಗದೆ, ಬೆರಳೆರಡು ಸಂದು ಉಳಿಯುವುದೇ ಎಂದು ನೋಡಿ.

ಕಾನೂನಿನ ಒಂದು ಮಾತು. ವಾಹನದ ಮಾರ್ಪಾಡಿನ ವಿಷಯವನ್ನು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣ ಹೇಳುತ್ತದೆ. ಕೆಲಸಕ್ಕೆ ಮುಂಚೆ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಬರವಣಿಗೆಯಲ್ಲಿ ವಿಚಾರಿಸಿಕೊಳ್ಳುವುದು ಗೃಹಸ್ಥನ ಲಕ್ಷಣ.

ದಂಡಕ್ಕಿಂತ ಮೇಲಾದುದು ಇಲ್ಲವೇ ಎಂದರೆ, ಉಂಟು. ಜೇಮ್ಸ್ ವಾಟ್ 1784ರಲ್ಲಿ ತನ್ನ ಉಗಿಯಂತ್ರಕ್ಕಾಗಿ ಕಂಡುಹಿಡಿದ ಸನ್ನೆಗಳ ಜೋಡಣೆಯನ್ನು ಅಚ್ಚಿಗೆ ಹಾಕಿದರೆ, ಅದು ಹೆಚ್ಚುಕಡಮೆ ನೆಟ್ಟಗೆ ಏರಿ ಇಳಿಯುತ್ತದೆ, ಕಮಾನಿನ ಕಾಟವಿಲ್ಲ. 2022ರಲ್ಲಿ ಬಂದ ಸ್ಕಾರ್ಪಿಯೋ ಎನ್ ಗಾಡಿಯಲ್ಲಿ ಇಂಥ ಏರ್ಪಾಡಿದೆ. ಆದರೆ ಅದರಲ್ಲಿ ಕೀಲುಗಳು ಹೆಚ್ಚು, ಜಾಗ ಹೆಚ್ಚು, ಖರ್ಚೂ ಹೆಚ್ಚು. ಹಳೆಯ ಕಾರಿಗೆ ನೆಟ್ಟನೆಯ ದಂಡವೇ ಸಾಕು.

ನನ್ನ ಕಾರಿಗೆ ಎರಡನೆಯ ಸಲ ದಂಡ ಹಾಕಿಸಿದ್ದು ಅದೇ ಘಾಟಿಯ ಕೆಳಗಿನ ಮೇಸ್ತ್ರಿಯ ಕೈಯಲ್ಲಿ. ಮೊದಲು ಬುಷ್ ಬದಲಾಯಿತು. ಮುಕ್ಕಾಲು ಅಲುಗಾಟ ಅಲ್ಲಿಗೇ ನಿಂತಿತು. ಉಳಿದ ಕಾಲು ಭಾಗಕ್ಕೆ ದಂಡ ಬಂತು. ನಾಲ್ಕು ದಿನ ಹಿಡಿಯಿತು. ನೂರು ಕಿಲೋಮೀಟರು ಓಡಿದ ಮೇಲೆ ಒಮ್ಮೆ, ಐನೂರು ಓಡಿದ ಮೇಲೆ ಒಮ್ಮೆ, ಎಲ್ಲ ನಟ್ಟುಗಳಿಗೂ ಸ್ಪ್ಯಾನರು ಹಾಕಿ ನೋಡಿದೆವು. ಆಮೇಲೆ ತಾಯಿಯವರನ್ನು ಮತ್ತೆ ಅದೇ ದಾರಿಯಲ್ಲಿ ಕರೆದುಕೊಂಡು ಹೋದೆ. ಹದಿನಾಲ್ಕು ತಿರುವೂ ಮುಗಿಯುವವರೆಗೆ ನನ್ನ ಕಿವಿಯೆಲ್ಲ ಹಿಂದುಗಡೆಯೇ ಇತ್ತು. ಕೆಳಗೆ ಬಂದು ತಿರುಗಿ ನೋಡಿದರೆ ಅವರು ನಿದ್ದೆ ಹೋಗಿದ್ದರು.